ಪುಕ್ಕಲು ನಾಯಿಯೂ ಅರವತ್ತೈದರ ಮೊಣಕಾಲೂ

ಬೇಳೆ ಬೇಯಲು ಕುಕ್ಕರ್ ಮೂರು ಸಲ ಕೂಗಬೇಕು. ಪುಕ್ಕಲು ನಾಯಿಗೆ ಒಂದೇ ಕೂಗು ಸಾಕು. ಕಾಯಿ ಚೂರಿಗಾಗಿ ಅಡುಗೆಮನೆಯಲ್ಲೇ ಠಿಕಾಣಿ ಹೂಡಿದ್ದ ಪ್ರಾಣಿ, ಒಗ್ಗರಣೆ ಸೌಟು ಹಿಡಿದು ನಿಂತವರ ಎರಡು ಕಾಲುಗಳ ನಡುವಿನಿಂದ ನುಗ್ಗಿ, ಮಂಚದ ಕೆಳಗಿನ ಟ್ರಂಕಿನ ಹಿಂದೆ ಸೇರಿಬಿಡುತ್ತದೆ. ಇಪ್ಪತ್ತೈದರ ವಯಸ್ಸಿನವರಿಗೆ ಇದು ತಮಾಷೆ. ಅರವತ್ತೈದರವರಿಗೆ ಎಕ್ಸ್‌ರೇ.

ನಾಯಿಗೆ ಕುಕ್ಕರಿನ ಮೇಲೇನೂ ಹಳೇ ದ್ವೇಷವಿಲ್ಲ. ಎಳೆ ವಯಸ್ಸಿನ ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ, ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ವಯಸ್ಸಾದಂತೆ ನಮ್ಮ ಕಿವಿ ಕೈಬಿಡುವುದೂ ಮೊದಲು ಮೇಲಿನ ಸ್ವರಗಳನ್ನೇ. ಹೀಗಾಗಿ ಒಂದೇ ಮನೆಯಲ್ಲಿ ಒಬ್ಬರಿಗೆ ಕರೆಗಂಟೆ ಕೇಳಿಸುವುದಿಲ್ಲ, ಇನ್ನೊಬ್ಬರಿಗೆ ಆಚೆ ಬೀದಿಯ ಮಿಕ್ಸಿಯೂ ಕೇಳಿಸುತ್ತದೆ. ಕೇಳಿಸದವರ ಕೈಯಲ್ಲೇ ಟಿವಿ ರಿಮೋಟ್ ಇರುವುದು ನಾಯಿಯ ಹಣೆಬರಹ.

ಕುಕ್ಕರ್ ಒಲೆಗೇರುವ ಮೊದಲೇ ನಾಯಿಯನ್ನು ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡಿ. ‘ಒಂದು ಕೂಗು ಬರಲಿ, ಆಮೇಲೆ ನೋಡೋಣ’ ಅಂದರೆ ಕೆಲಸ ಕೆಟ್ಟಿತು. ಒಂದು ತಟ್ಟೆಗೆ ಎರಡು ಚಮಚ ಗಟ್ಟಿ ಮೊಸರು ಸವರಿ ಅಲ್ಲಿಡಿ. ನೆಕ್ಕುವ ಕೆಲಸ ನಾಯಿಯ ಜೀವಕ್ಕೆ ಸಮಾಧಾನ. ಆದರೆ ಬರಿಯ ನೆಲದ ಮೇಲಿಟ್ಟ ಸ್ಟೀಲ್ ತಟ್ಟೆ ನೆಕ್ಕಿದಷ್ಟೂ ಜಾರಿ, ಗೋಡೆಗೆ ಬಡಿದು ಠಣ್ ಅನ್ನುತ್ತದೆ. ಅಲ್ಲಿಗೆ ಮೊಸರಿಗೂ ಹೆದರುವ ನಾಯಿ ತಯಾರು. ತಟ್ಟೆಯ ಕೆಳಗೆ ಒದ್ದೆ ಟವೆಲ್ ಹಾಸಿ.

ಜಾರುವ ಮಾತು ಬಂತಲ್ಲ, ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ನಾಯಿಗೂ ಮೊಣಕಾಲಿಗೂ ಸಮಾನ ಶತ್ರು. ಬೆದರಿದ ನಾಯಿ ಉಗುರೂರಿ ಓಡಲು ನೋಡುತ್ತದೆ, ಉಗುರು ಟೈಲಿಗೆ ಹತ್ತುವುದಿಲ್ಲ. ಹಿಡಿತ ಕೊಡಬೇಕಾದ್ದು ಪಾದದ ಮೆತ್ತೆ. ಮೆತ್ತೆಗಳ ಸಂದಿಯಲ್ಲಿ ಕೂದಲು ಬೆಳೆದರೆ ಅದೂ ಸಾಕ್ಸ್ ಹಾಕಿಕೊಂಡು ಓಡಿದ ಹಾಗೆ. ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ. ನಾಯಿ ಓಡಾಡುವ ದಾರಿಗೆ ತಳದಲ್ಲಿ ರಬ್ಬರ್ ಇರುವ ಚಾಪೆಯನ್ನೇ ಹಾಸಿ. ಹಳೇ ಸೀರೆಯಲ್ಲಿ ಹೆಣೆದ ಕಾಲೊರಸು ಬೇಡವೇ ಬೇಡ. ಅದರ ಮೇಲೆ ನಾಯಿ ಹಜಾರದ ಈ ತುದಿಯಿಂದ ಆ ತುದಿಗೆ ಸವಾರಿ ಮಾಡುತ್ತದೆ, ಮುಂದಿನ ಸವಾರಿ ನಿಮ್ಮದು.

ಇನ್ನು ಉಗುರು. ಮುಂಗಾಲಿನ ಒಳಬದಿಯ ಒಂಟಿ ಉಗುರುಗಳೂ ಸೇರಿ ಸಾಮಾನ್ಯವಾಗಿ 18. ಭಾನುವಾರ ಒಂದೇ ಪಟ್ಟಿನಲ್ಲಿ ಮುಗಿಸುತ್ತೇನೆಂದು ಕೂತವರು ಮೂರನೆಯದಕ್ಕೆ ಸೋಲೊಪ್ಪುತ್ತಾರೆ. ದಿನಕ್ಕೊಂದೇ ಉಗುರು, ಒಂದು ಅಥವಾ ಎರಡು ಮಿಲಿಮೀಟರ್ ಮಾತ್ರ, ಕೂಡಲೇ ಒಂದು ತಿನಿಸು. ಹದಿನೆಂಟನೇ ದಿನ ಮುಗಿಯಿತು, ಪಿಂಚಣಿದಾರರಿಗೆ ಅವಸರವೇನು? ಕಪ್ಪು ಉಗುರಿನೊಳಗೆ ರಕ್ತನಾಳ ಎಲ್ಲಿಯವರೆಗಿದೆ ಎಂದು ಹೊರಗಿನಿಂದ ಕಾಣದು. ಕತ್ತರಿಸಿದ ಮುಖದ ನಡುವೆ ಕಪ್ಪು ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಬೈಫೋಕಲ್ ಕನ್ನಡಕದ ಗೆರೆಯ ಮೇಲೆ ಬಂದ ಉಗುರು ಎರಡಾಗಿ ಕಾಣುತ್ತದೆ, ನೀವು ಕತ್ತರಿಸುವುದು ಇಲ್ಲದ್ದನ್ನು. ಓದುವ ಕನ್ನಡಕವನ್ನೇ ಹಾಕಿಕೊಳ್ಳಿ. ರಕ್ತ ಬಂದರೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದರೆ ನಿಲ್ಲುತ್ತದೆ. ಮನೆಯವರ ಮಾತು ನಿಲ್ಲಿಸುವ ಪುಡಿ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ವಾಕಿಂಗಿಗೆ ಕೆಲವರು ತಾನಾಗಿ ಉದ್ದವಾಗಿ ತಾನಾಗಿ ಸುತ್ತಿಕೊಳ್ಳುವ, ಪ್ಲಾಸ್ಟಿಕ್ ಡಬ್ಬಿಯ ಬೆಲ್ಟ್ ತರುತ್ತಾರೆ. ಸಾಧು ನಾಯಿಗೆ ಸರಿ. ಪುಕ್ಕಲು ನಾಯಿ ಒಮ್ಮೆ ಜಗ್ಗಿ ಡಬ್ಬಿ ಕೈಜಾರಿತು ಅನ್ನಿ. ಅದು ಟಾರು ರಸ್ತೆಯ ಮೇಲೆ ಟಕಟಕ ಸದ್ದು ಮಾಡುತ್ತಾ ನಾಯಿಯ ಬೆನ್ನು ಹತ್ತುತ್ತದೆ. ನಾಯಿ ಓಡಿದಷ್ಟೂ ಡಬ್ಬಿ ಓಡುತ್ತದೆ, ಡಬ್ಬಿ ಓಡಿದಷ್ಟೂ ನಾಯಿ. ಒಳಗಿನ ಸ್ಪ್ರಿಂಗು ದಾರ ಸುತ್ತಿಕೊಳ್ಳುವುದರಿಂದ ದೆವ್ವ ಹತ್ತಿರ ಹತ್ತಿರಕ್ಕೇ ಬರುತ್ತದೆ. ಕೊನೆಯಲ್ಲಿ ‘ನಿಲ್ಲೋ, ನಿಲ್ಲೋ’ ಎನ್ನುತ್ತಾ ವಾಕಿಂಗ್ ಶೂನಲ್ಲಿ ನೀವು. ಐದಾರು ಅಡಿಯ ಸಾದಾ ಬೆಲ್ಟೇ ಸಾಕು. ಅದರ ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ, ನಾಯಿ ಹಾರಿದರೆ ನೀವೂ ಹಾರುತ್ತೀರಿ. ಕೊರಳಪಟ್ಟಿಯಿಂದ ತಲೆ ಹಿಂದಕ್ಕೆಳೆದು ನುಣುಚುವುದು ಹೆದರಿದ ನಾಯಿಯ ವಿದ್ಯೆ. ಅದಕ್ಕೇ ಎದೆ ಸುತ್ತ ಬಳಸುವ ಹಾರ್ನೆಸ್ ಒಳ್ಳೆಯದು. ಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟು ಸಡಿಲ, ಅದಕ್ಕಿಂತ ಹೆಚ್ಚಿಲ್ಲ.

ಇಬ್ಬರಿಗೂ ವಯಸ್ಸಾದ ಮನೆಯಲ್ಲಿ ಮಾತ್ರೆಗಳದ್ದೇ ಸಂಸಾರ. ನಾಯಿಗೆ ಮಾತ್ರೆ ತಿನ್ನಿಸಲು ಇಡ್ಲಿಯಂಥ ಸಾಧನ ಇನ್ನೊಂದಿಲ್ಲ. ಮೊದಲ ತುಂಡು ಖಾಲಿ, ಎರಡನೆಯದರಲ್ಲಿ ಮಾತ್ರೆ, ಎರಡನೆಯದು ಬಾಯಲ್ಲಿರುವಾಗಲೇ ಮೂರನೆಯದು ಕಣ್ಣೆದುರು. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಒಂದೇ ತುಂಡು ಕೊಟ್ಟರೆ ಇಡ್ಲಿ ಹೊಟ್ಟೆಗೆ, ಮಾತ್ರೆ ಸೋಫಾದ ಕೆಳಗೆ. ಡಬ್ಬಿಗಳು ಮಾತ್ರ ಬೇರೆ ಬೇರೆ ಕಪಾಟಿನಲ್ಲಿರಲಿ. ‘ಅದಕ್ಕೂ ಮಂಡಿ ನೋವಿರಬೇಕು, ಪಾಪ’ ಎಂದು ನಿಮ್ಮ ಐಬುಪ್ರೊಫೇನ್, ಡೈಕ್ಲೋಫೆನಾಕ್, ಪ್ಯಾರಸಿಟಮಾಲ್ ಕೊಡಬೇಡಿ. ಇದು ತಮಾಷೆಯಲ್ಲ, ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತು ಹಾಳಾಗುತ್ತವೆ. ಕೇಸರಿಬಾತಿನ ಒಣದ್ರಾಕ್ಷಿ, ಹುಳಿಯ ಈರುಳ್ಳಿಯೂ ವಿಷವೇ. ಆದರೆ ನೋವಿರಬೇಕು ಎಂಬ ಅನುಮಾನವನ್ನು ತಳ್ಳಿಹಾಕಬೇಡಿ. ಎಂಟು ವರ್ಷ ಧೈರ್ಯವಾಗಿದ್ದ ನಾಯಿ ಒಮ್ಮೆಲೇ ಪುಕ್ಕಲಾದರೆ ಕೀಲು ನೋವೋ, ಕಣ್ಣು ಮಂಜೋ, ಕಿವಿ ಮಂದವೋ ಆಗಿರಬಹುದು. ವೈದ್ಯರಿಗೆ ತೋರಿಸಿ.

ದೀಪಾವಳಿ ಬಂತೆಂದರೆ ಇಡೀ ವರ್ಷದ ತರಬೇತಿಗೆ ಪರೀಕ್ಷೆ. ಪಟಾಕಿಯ ಸದ್ದು ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದೆಂಬ ನಿಯಮ 1999ರಿಂದಲೇ ಇದೆ. ಹಬ್ಬದ ದಿನ ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಆದರೂ ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿದ ಹುಡುಗರು ಬೆಳಗಿನ ಜಾವಕ್ಕೇ ಕಾನೂನು ಸುಡಲು ಬೀದಿಗಿಳಿಯುತ್ತಾರೆ. ಎರಡು ತಿಂಗಳ ಮುಂಚಿನಿಂದ ಪಟಾಕಿ ಸದ್ದನ್ನು ಮೊಬೈಲಿನಲ್ಲಿ ಪಿಸುಮಾತಿನಷ್ಟು ಮೆಲ್ಲಗೆ ಹಾಕಿ, ಜೊತೆಗೆ ತಿನಿಸು ಕೊಡಿ. ನಾಯಿ ಕಿವಿ ಮಡಚಿದರೆ, ತುಟಿ ನೆಕ್ಕಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ ಸದ್ದು ಹೆಚ್ಚಾಯಿತೆಂದೇ ಅರ್ಥ. ನಿಮಗೆ ಕೇಳಿಸುವಷ್ಟು ಏರಿಸಿದರೆ ಅದು ತರಬೇತಿಯಲ್ಲ, ಇನ್ನೊಂದು ದೀಪಾವಳಿ. ವೈದ್ಯರು ಮಾತ್ರೆ ಬರೆದರೆ ಹಬ್ಬಕ್ಕೆ ಮೊದಲೇ ಒಂದು ಶಾಂತ ದಿನ ಕೊಟ್ಟು ನೋಡಿ. ಬೆಳಕಿರುವಾಗಲೇ ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ‘ಮುದ್ದು ಮಾಡಿದರೆ ಭಯ ಜಾಸ್ತಿಯಾಗುತ್ತದೆ’ ಎನ್ನುವ ಪಕ್ಕದ ಮನೆಯವರ ಮಾತು ಸುಳ್ಳು. ಹತ್ತಿರ ಬಂದರೆ ಬೆನ್ನು ಸವರಿ. ಮಂಚದ ಕೆಳಗೆ ಹೋದರೆ ಎಳೆಯಬೇಡಿ. ನೀವೂ ಒಳಗೆ ತೂರಬೇಡಿ. ನಾಯಿ ಬೆಳಿಗ್ಗೆ ತಾನಾಗಿ ಹೊರಗೆ ಬರುತ್ತದೆ, ನಿಮ್ಮನ್ನು ಎಳೆಯಲು ಇಬ್ಬರು ಬೇಕು.

ರಾತ್ರಿ ಬಚ್ಚಲಿಗೆ ಎದ್ದಾಗಿನದೊಂದು ಬಾಕಿ ಉಳಿಯಿತು. ಪುಕ್ಕಲು ನಾಯಿ ಮಲಗುವುದು ನಿಮ್ಮ ಚಪ್ಪಲಿಯ ಮೇಲೇ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿ ಬಿಟ್ಟು ಬೇರೆ ಮೂಲೆಯಲ್ಲಿ ಅದಕ್ಕೆ ಹಾಸಿ, ಸಣ್ಣ ದೀಪ ಉರಿಯಲಿ. ಕಾಲು ಕೆಳಗಿಡುವ ಮೊದಲು ಹೆಸರು ಹಿಡಿದು ಕರೆಯಿರಿ. ನಾಯಿಯ ಕಿವಿ ಮಂದವಾಗಿದ್ದರೆ ಮಂಚವನ್ನು ಅಂಗೈಯಿಂದ ತಟ್ಟಿದರೆ ಅದುರು ತಿಳಿಯುತ್ತದೆ. ಊರುಗೋಲನ್ನು ಗೋಡೆಗೆ ಒರಗಿಸಿಡಬೇಡಿ. ಹಗಲೆಲ್ಲ ಸುಮ್ಮನಿದ್ದು ಅದು ಬೀಳುವುದು ರಾತ್ರಿ ಎರಡೂವರೆಗೆ, ಆಮೇಲೆ ನಾಯಿ ಟ್ರಂಕಿನ ಹಿಂದೆ, ನೀವು ಮಂಚದ ಅಂಚಿನಲ್ಲಿ, ಕೋಲು ಇಬ್ಬರಿಗೂ ಎಟುಕದ ಕಡೆ.