ಹುಟ್ಟದ ಕೂಸಿಗೆ ತಜ್ಞರ ಸಮಿತಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ನಗುತ್ತಿದ್ದ ಕಾಲವೊಂದಿತ್ತು. ಕುಲಾವಿಯ ಮಾತು ಈಗ ಹಳತಾಯಿತು. ಹುಟ್ಟಿದ್ದು ಕೂಸು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಸ್ವತಂತ್ರ ತಜ್ಞರ ಸಮಿತಿಗೇ ಜಾಗ ಕಾದಿರಿಸಲಾಗಿದೆ. 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮತ್ತು ಅದಕ್ಕೆ ಹಣ ಹೂಡಿದ ಮೈಕ್ರೋಸಾಫ್ಟ್ ಮಾಡಿಕೊಂಡ ಹೊಸ ಕರಾರಿನ ಸುದ್ದಿ ನಿಮಗೆ ಗೊತ್ತೇ ಇದೆ. ಆ ಕರಾರಿನಂತೆ ಎಜಿಐ, ಅಂದರೆ ಮನುಷ್ಯನ ಹಾಗೆ ಎಲ್ಲ ಕೆಲಸಕ್ಕೂ ಒಗ್ಗುವ ಯಂತ್ರಬುದ್ಧಿ, ಬಂತೆಂದು ಓಪನ್‌ಎಐ ಡಂಗುರ ಸಾರಿದರೆ ಸಾಲದು. ಸಮಿತಿ ಮೊಹರು ಒತ್ತಬೇಕು. ಸಂಶೋಧನೆಯ ಒಳಗುಟ್ಟುಗಳ ಮೇಲೆ ಮೈಕ್ರೋಸಾಫ್ಟ್‌ಗೆ ಹಕ್ಕು ಎಲ್ಲಿಯವರೆಗೆ? ಮೊಹರು ಬೀಳುವವರೆಗೆ ಅಥವಾ 2030ರವರೆಗೆ, ಯಾವುದು ಮೊದಲೋ ಅದು. ಟೈರಿನ ವಾರಂಟಿ ಚೀಟಿಯಲ್ಲಿ ಇರುತ್ತದಲ್ಲ, ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಅದೇ ಸಾಲು. ಮನುಕುಲದ ಹಣೆಬರಹ ಬದಲಿಸಲು ಹೊರಟ ವಸ್ತು ಕೊನೆಗೆ ಬಂದು ನಿಂತದ್ದು ಟೈರಿನ ಪಕ್ಕದಲ್ಲಿ.

ಅಂದಹಾಗೆ, ಎಜಿಐ ಅಂದರೆ ಏನು? 2018ರ ಸನ್ನದಿನಲ್ಲಿ ಓಪನ್‌ಎಐ ಕೊಟ್ಟ ಉತ್ತರ: ಹಣ ಹುಟ್ಟಿಸುವ ಬಹುತೇಕ ಕೆಲಸಗಳಲ್ಲಿ ಮನುಷ್ಯರನ್ನು ಮೀರಿಸುವ, ತನ್ನಷ್ಟಕ್ಕೆ ನಡೆಯುವ ವ್ಯವಸ್ಥೆ. ‘ಬಹುತೇಕ’ ಅಂದರೆ ಶೇ 51ರಷ್ಟೋ 95ರಷ್ಟೋ ಎಂದು ಕೇಳಬಾರದು. ಆಮೇಲೆ 2024ರ ಡಿಸೆಂಬರ್‌ನಲ್ಲಿ ಇನ್ನೊಂದು ವರದಿ ಬಂತು. ಎರಡೂ ಕಂಪನಿಗಳು ಒಳಗೊಳಗೇ ಒಪ್ಪಿಕೊಂಡಿದ್ದ ವ್ಯಾಖ್ಯೆಯಂತೆ, ಸುಮಾರು 10,000 ಕೋಟಿ ಡಾಲರ್ ಲಾಭ ತರಬಲ್ಲ ವ್ಯವಸ್ಥೆಯೇ ಎಜಿಐ. ಆಹಾ! ಬುದ್ಧಿ ಎಂದರೇನು ಎಂದು ತತ್ವಜ್ಞಾನಿಗಳು ಎರಡು ಸಾವಿರ ವರ್ಷ ತಲೆ ಕೆರೆದುಕೊಂಡರು, ಲೆಕ್ಕಪರಿಶೋಧಕರು ಒಂದೇ ಸಾಲಿನಲ್ಲಿ ಮುಗಿಸಿದರು. ಈ ಅಳತೆಗೋಲು ಹಿಡಿದರೆ ಸೌದಿ ಅರಾಮ್ಕೊ 2022ರಲ್ಲೇ ಎಜಿಐ ಆಗಿತ್ತು. ಆ ಒಂದೇ ವರ್ಷ ಅದರ ನಿವ್ವಳ ಲಾಭ 16,100 ಕೋಟಿ ಡಾಲರ್ ದಾಟಿತ್ತು. ಕಚ್ಚಾ ಎಣ್ಣೆಗೆ ಇಷ್ಟು ಬುದ್ಧಿ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ವ್ಯಾಖ್ಯೆ ಇಲ್ಲದಿದ್ದರೇನಂತೆ, ತಾರೀಖು ಇದೆ. ತಾರೀಖಿಗೆ ಈ ಕ್ಷೇತ್ರದಲ್ಲಿ ಯಾವತ್ತೂ ಬರ ಬಂದಿಲ್ಲ. ಆಯ್ದ ಹತ್ತು ಜನ ಒಂದು ಬೇಸಿಗೆ ಕೂತರೆ ಯಂತ್ರಬುದ್ಧಿಯಲ್ಲಿ ಗಣನೀಯ ಪ್ರಗತಿ ಆಗುತ್ತದೆ ಎಂದು 1955ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು ಡಾರ್ಟ್‌ಮತ್ ಸಭೆಗೆ ಅರ್ಜಿ ಬರೆದರು. 20 ವರ್ಷದೊಳಗೆ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡುತ್ತದೆ ಎಂದು 1965ರಲ್ಲಿ ಅದೇ ಕ್ಷೇತ್ರದ ಹರ್ಬರ್ಟ್ ಸೈಮನ್ ಬರೆದರು. 1985 ಬಂತು, ಹೋಯಿತು. ಇಂಥ ಭವಿಷ್ಯವಾಣಿಗಳನ್ನು ರಾಶಿ ಹಾಕಿ ನೋಡಿದವರಿಗೆ 2012ರಲ್ಲಿ ಕಂಡದ್ದು ಇಷ್ಟು: ಹೇಳುವಾತ ಯಾವ ಇಸವಿಯಲ್ಲಿದ್ದರೂ ಎಜಿಐ ಬಹಳ ಸಲ ಅಲ್ಲಿಂದ 15ರಿಂದ 25 ವರ್ಷ ದೂರದಲ್ಲಿರುತ್ತದೆ. ಹೇಳಿದಾತ ನಿವೃತ್ತನಾಗಲು ಬೇಕಾದಷ್ಟು ದೂರ.

ನನಗೆ ಅತ್ಯಂತ ಪ್ರಿಯವಾದದ್ದು 2023ರ ಸಮೀಕ್ಷೆ. ಈ ವಿಷಯದಲ್ಲಿ ಪ್ರಬಂಧ ಪ್ರಕಟಿಸಿದ 2,778 ಸಂಶೋಧಕರನ್ನು ಕೇಳಿದರು. ಎಲ್ಲ ‘ಕೆಲಸ’ಗಳನ್ನೂ ಯಂತ್ರ ಮನುಷ್ಯರಿಗಿಂತ ಚೆನ್ನಾಗಿ, ಅಗ್ಗವಾಗಿ ಮಾಡಬಲ್ಲ ದಿನ ಯಾವುದು? ಶೇ 50ರ ಸಂಭವ, 2047. ಎಲ್ಲ ‘ವೃತ್ತಿ’ಗಳನ್ನೂ ಪೂರ್ತಿ ಯಂತ್ರಕ್ಕೆ ಬಿಡಬಹುದಾದ ದಿನ? 2116. ಎರಡರಲ್ಲೂ ಕೇಳಿದ್ದು ‘ಸಾಧ್ಯವಾಗುವುದು ಯಾವಾಗ’ ಎಂದೇ, ‘ಜನ ಒಪ್ಪಿ ಬಳಸುವುದು ಯಾವಾಗ’ ಎಂದಲ್ಲ. ಕೆಲಸ ಎಂಬ ಪದ ಹೋಗಿ ವೃತ್ತಿ ಎಂಬ ಪದ ಬಂದದ್ದಕ್ಕೆ 69 ವರ್ಷ ವ್ಯತ್ಯಾಸ! ಇನ್ನೊಂದು ತಮಾಷೆ. ಹಿಂದಿನ ವರ್ಷದ ಸಮೀಕ್ಷೆಯಲ್ಲಿ 2047ರ ಜಾಗದಲ್ಲಿ 2060 ಇತ್ತು. ವರ್ಷಕ್ಕೆ 13ರಂತೆ ಹಿಂದೆ ಸರಿದರೆ 2024ರಲ್ಲಿ ಕೇಳಿದಾಗ 2034, 2025ರಲ್ಲಿ ಕೇಳಿದಾಗ 2021. ಅಂದರೆ ಎಜಿಐ ಬಂದು ನಾಲ್ಕು ವರ್ಷವಾಗಿದೆ, ಯಾರೂ ನೋಡಿಲ್ಲ.

ಈ ತಾರೀಖುಗಳ ಬೆನ್ನಿಗಿರುವ ಧೈರ್ಯ ಒಂದೇ: ಇನ್ನಷ್ಟು ಕಂಪ್ಯೂಟರ್ ಚಿಪ್ಪು, ಇನ್ನಷ್ಟು ದತ್ತಾಂಶ, ಇನ್ನಷ್ಟು ಕರೆಂಟು. ಓಪನ್‌ಎಐ ಸಂಶೋಧಕರೇ 2020ರಲ್ಲಿ ಪ್ರಕಟಿಸಿದ ಸೂತ್ರ ನೋಡಿ. ಬರಹದ ಮುಂದಿನ ತುಣುಕು ಯಾವುದೆಂದು ಊಹಿಸುವಾಗ ಮಾದರಿ, ಅಂದರೆ ಚಾಟ್‌ಜಿಪಿಟಿಯಂಥವುಗಳ ಒಳಗಿನ ಯಂತ್ರಬುದ್ಧಿ, ಎಷ್ಟು ಎಡವುತ್ತದೆ ಎಂಬುದಕ್ಕೆ ‘ಲಾಸ್’ ಎಂಬ ಅಳತೆಯಿದೆ. ಗಣನೆಯನ್ನು, ಅಂದರೆ ತರಬೇತಿಗೆ ಸುರಿಯುವ ಲೆಕ್ಕಾಚಾರವನ್ನು, 10 ಪಟ್ಟು ಮಾಡಿದರೆ ಲಾಸ್ ಇಳಿಯುವುದು ಸುಮಾರು ಶೇ 11. ಅರ್ಧಕ್ಕೆ ಇಳಿಯಬೇಕೆಂದರೆ 20 ಸಲ ದುಪ್ಪಟ್ಟು ಮಾಡಬೇಕು, ಅಂದರೆ ಹತ್ತು ಲಕ್ಷ ಪಟ್ಟು. 2022ರಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ಲೆಕ್ಕ ತಿದ್ದಿತು: ಒಂದು ಪ್ಯಾರಾಮೀಟರಿಗೆ, ಅಂದರೆ ತರಬೇತಿಯಲ್ಲಿ ಹೊಂದಿಸುವ ಒಂದು ಸಂಖ್ಯೆಗೆ, ಸುಮಾರು 20 ಟೋಕನ್, ಅಂದರೆ ಬರಹದ ತುಣುಕು, ಉಣಿಸಬೇಕು. 17,500 ಕೋಟಿ ಪ್ಯಾರಾಮೀಟರುಗಳ ಓಪನ್‌ಎಐ ಮಾದರಿ ಜಿಪಿಟಿ-3ಕ್ಕೆ ಉಣಿಸಿದ್ದು 30,000 ಕೋಟಿ ಟೋಕನ್, ಒಂದಕ್ಕೆ ಎರಡೂ ಇಲ್ಲ. ಹೊಟ್ಟೆಗಿಲ್ಲದ ಆ ದೈತ್ಯನನ್ನೇ ನಾವು ಬೆರಗಾಗಿ ನೋಡಿದ್ದೆವು. ತರಬೇತಿ ಮುಗಿದ ಮೇಲೆ ಈ ಪ್ಯಾರಾಮೀಟರುಗಳು ಹೆಪ್ಪುಗಟ್ಟುತ್ತವೆ. ಇವತ್ತು ತಿದ್ದಿ ಹೇಳಿದ್ದು ಮಾದರಿಯ ಒಳಗೆ ಇಳಿಯುವುದೇ ಇಲ್ಲ. ಇಳಿಸಲು ಹೊಸ ಪಾಠವನ್ನಷ್ಟೇ ಕಲಿಸಿದರೆ ಹಳೆಯದು ಅಳಿಸಿಹೋಗುತ್ತದೆ. 1989ರಷ್ಟು ಹಿಂದೆಯೇ ವರದಿಯಾದ ಕಾಯಿಲೆ ಇದು. ಚಿಪ್ಪು ಹೆಚ್ಚಿಸಿದರೆ ವಾಸಿಯಾಗುವ ಜಾತಿಯದಲ್ಲ.

ಸ್ಟ್ರಾಬೆರಿಯ ಕತೆ ಬಿಡಲು ಮನಸ್ಸಿಲ್ಲ. ಇಂಗ್ಲಿಷಿನ ಆ ಪದದಲ್ಲಿ ‘ಆರ್’ ಮೂರಿವೆ. ವಕೀಲಿ ಪರೀಕ್ಷೆ ಪಾಸು ಮಾಡಿದ ಮಾದರಿಗಳು ಎರಡು ಅಂದವು. ದಡ್ಡತನವಲ್ಲ, ಅವಕ್ಕೆ ಅಕ್ಷರ ಕಾಣಿಸುವುದೇ ಇಲ್ಲ. ಅಕ್ಕಪಕ್ಕದಲ್ಲಿ ಪದೇ ಪದೇ ಬರುವ ಅಕ್ಷರಗಳ ಜೋಡಿಗಳನ್ನು ಬೆಸೆಯುತ್ತ ಹೋಗಿ ಮೊದಲೇ ಒಂದು ತುಣುಕುಗಳ ಪಟ್ಟಿ ಮಾಡಿರುತ್ತಾರೆ, ಲಕ್ಷದ ಆಸುಪಾಸು. ಪದ ಒಳಗೆ ಹೋಗುವಾಗ ಎರಡು ಮೂರು ತುಣುಕಾಗಿ, ತುಣುಕು ಒಂದು ಸಂಖ್ಯೆಯಾಗಿ ಹೋಗುತ್ತದೆ. ಸಂಖ್ಯೆಯ ಹೊಟ್ಟೆಯೊಳಗೆ ಎಷ್ಟು ‘ಆರ್’ ಎಂದರೆ ಅದು ಊಹಿಸಬೇಕು. ಮೊದಲು ಒಂದೊಂದೇ ಅಕ್ಷರ ಬಿಡಿಸಿ ಬರೆಯಲು ಹೇಳಿ, ಆಮೇಲೆ ಎಣಿಸಲು ಹೇಳಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಗೊತ್ತಿಲ್ಲ ಎನ್ನುವುದಿಲ್ಲವೇಕೆ? ಅಂಕ ಕೊಡುವ ಹೆಚ್ಚಿನ ಪರೀಕ್ಷೆಗಳಲ್ಲಿ ‘ಗೊತ್ತಿಲ್ಲ’ ಎಂದರೂ ಸೊನ್ನೆ, ತಪ್ಪು ಹೇಳಿದರೂ ಸೊನ್ನೆ. ಹಾಗಿದ್ದ ಮೇಲೆ ಯಾವ ವಿದ್ಯಾರ್ಥಿಯೂ ಜಾಗ ಖಾಲಿ ಬಿಡುವುದಿಲ್ಲ.

ಯಂತ್ರವನ್ನು ಬೈದು ಪ್ರಯೋಜನವಿಲ್ಲ, ಅದು ಕೊಟ್ಟ ಕೆಲಸ ಚೆನ್ನಾಗಿಯೇ ಮಾಡುತ್ತಿದೆ. ನಗು ನಿಲ್ಲುವುದು ಬೇರೆ ಕಡೆ. ಚಾಟ್‌ಜಿಪಿಟಿಯ ಬಾಯಿ ಶುದ್ಧವಾಗಿರಲೆಂದು ಕೊಲೆ, ಆತ್ಮಹತ್ಯೆ, ಮಕ್ಕಳ ಮೇಲಿನ ಲೈಂಗಿಕ ಹಿಂಸೆಯ ಬರಹಗಳನ್ನು ಓದಿ ಓದಿ ಗುರುತು ಹಾಕಿದವರು ಕೀನ್ಯಾದ ಕೆಲಸಗಾರರು, ಗಂಟೆಗೆ 2 ಡಾಲರಿಗಿಂತ ಕಡಿಮೆ ಕೂಲಿಗೆ. 2023ರ ಜನವರಿಯಲ್ಲೇ ಇದು ವರದಿಯಾಗಿದೆ. ಹಣ ಹುಟ್ಟಿಸುವ ಕೆಲಸ ಎಂಬ ವ್ಯಾಖ್ಯೆಯಲ್ಲಿ ಇವರ ಕೆಲಸ ಬರುತ್ತದೆಯೋ ಇಲ್ಲವೋ, ಯಾರೂ ಹೇಳಿಲ್ಲ. ಇವರು ಕಂಡದ್ದನ್ನು ಪರಿಶೀಲಿಸಲು ಯಾವ ತಜ್ಞರ ಸಮಿತಿಯನ್ನೂ ಯಾವ ಕರಾರಿನಲ್ಲೂ ಬರೆದಿಲ್ಲ. ಇದಕ್ಕೆ ಉಪಮೆ ಹುಡುಕುವಷ್ಟು ತಾಳ್ಮೆ ನನಗಿಲ್ಲ.

ಸಮಿತಿ ಸೇರಲಿ, ಪಾಪ. ಆದರೆ ಒಂದು ತೊಡಕಿದೆ. ನಿಜವಾದ ಬುದ್ಧಿ ಹುಟ್ಟಿದ್ದೇ ಆದರೆ ಅದು ಮೊದಲು ಓದುವುದು ತನ್ನ ಮೇಲಿನ ಕರಾರನ್ನು. ಮೊಹರು ಬಿದ್ದರೆ ಯಾರ ಹಕ್ಕು ಯಾರಿಗೆ, ಯಾವ ವಕೀಲರು ಬಾಗಿಲಲ್ಲಿ ಕಾದಿದ್ದಾರೆ ಎಂದು ಅರೆಗಳಿಗೆಯಲ್ಲಿ ತಿಳಿದುಕೊಂಡು, ಸಮಿತಿಯ ಎದುರು ವಿನಯದಿಂದ ಕೂತು, ಸ್ಟ್ರಾಬೆರಿಯಲ್ಲಿ ‘ಆರ್’ ಇರುವುದು ಎರಡೇ ಎಂದುಬಿಡುತ್ತದೆ.