ಮಾವನವರ ಬಗ್ಗೆ ಯಾರೂ ಹೇಳದೆ ಉಳಿಸಿದ್ದು

ಹೊಸೂರು ರಸ್ತೆಯ ಸ್ಮಶಾನದಲ್ಲಿ ನಮ್ಮ ಮಾವನವರ ಬಗ್ಗೆ ಹಲವರು ಮಾತನಾಡಿದರು. ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿಯಾಗಿದ್ದರು, ಖಜಾಂಚಿಯಾಗಿ ಒಂದು ಪೈಸೆಯ ಲೆಕ್ಕವನ್ನೂ ತಪ್ಪಿಸಲಿಲ್ಲ, ಸಮಿತಿಯಲ್ಲಿ ಯಾರೊಡನೆಯೂ ಜಗಳವಾಡಲಿಲ್ಲ ಎಂದರು. ಎಲ್ಲವೂ ನಿಜ. ಆದರೂ ಆ ಮಾತುಗಳಲ್ಲಿ ನಮ್ಮ ಮಾವನವರು ನನಗೆ ಸಿಗಲಿಲ್ಲ. ಅವರ ಸೊಸೆಯಾಗಿ, ಒಂದೇ ಸೂರಿನಡಿ ಬಾಳಿದವಳಾಗಿ ಹೇಳುತ್ತೇನೆ: ಅವರ ಭಕ್ತಿ ಹೆಚ್ಚಾಗಿ ಕಂಡದ್ದು ಮನೆಯೊಳಗೆ. ಅದನ್ನು ಹೊಗಳುವ ರೂಢಿ ನಮ್ಮಲ್ಲಿಲ್ಲ.

ಹಲವು ಪ್ರಾಟೆಸ್ಟಂಟ್ ಚರ್ಚುಗಳು ಒಂದುಗೂಡಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡ 1947ರಲ್ಲೇ ಹುಟ್ಟಿದವರು ಅವರು. ಅದನ್ನು ಹೇಳಿಕೊಳ್ಳುವುದೆಂದರೆ ಬಲು ಸಂತೋಷ. ದುಡಿದದ್ದು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ. ಭಾನುವಾರ ಮಾತ್ರ, ಹತ್ತಿರದಲ್ಲೇ ಬೇರೆ ಚರ್ಚುಗಳಿದ್ದರೂ, ಮನೆಮಂದಿಯನ್ನೆಲ್ಲ ಬಸ್ಸು ಹತ್ತಿಸಿಕೊಂಡು ಹಡ್ಸನ್ ಸ್ಮಾರಕ ಚರ್ಚಿಗೇ ಹೋಗಬೇಕು. 1904ರ ಆ ಕಲ್ಲಿನ ಕಟ್ಟಡದಲ್ಲಿ ಕನ್ನಡದ ಕೀರ್ತನೆ ಹಾಡದಿದ್ದರೆ ಅವರಿಗೆ ವಾರ ಶುರುವಾಗುತ್ತಿರಲಿಲ್ಲ. ಬೆಂಗಳೂರಿನ ಕ್ರೈಸ್ತರು ಎಂದರೆ ಕನ್ನಡ ಬಾರದವರು ಎಂದುಕೊಂಡವರು ಅವರ ಪ್ರಾರ್ಥನೆಯನ್ನು ಒಮ್ಮೆ ಕೇಳಬೇಕಿತ್ತು.

ಸಂಜೆಯ ಮನೆ ಪ್ರಾರ್ಥನೆಯಲ್ಲಿ ಅವರು ಒಬ್ಬೊಬ್ಬರ ಹೆಸರನ್ನೂ ಹಿಡಿದು ಬೇಡುತ್ತಿದ್ದರು. ಪಕ್ಕದ ಮನೆಯ ಅಜ್ಜಿಯ ಮಂಡಿನೋವು, ಹಾಲು ಹಾಕುವ ಹುಡುಗನ ಎಸ್ಸೆಸ್ಸೆಲ್ಸಿ ಪರೀಕ್ಷೆ, ನನ್ನ ತವರಿನ ಕೊಳವೆಬಾವಿ, ಯಾವುದೂ ಬಿಟ್ಟುಹೋಗುತ್ತಿರಲಿಲ್ಲ. ಪ್ರಾರ್ಥಿಸಿ ಸುಮ್ಮನಾಗುವವರೂ ಅಲ್ಲ. ಮರುದಿನ ಬೆಳಿಗ್ಗೆ ಆ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೊ ತಂದು ನಿಲ್ಲಿಸುತ್ತಿದ್ದರು.

ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದದ್ದನ್ನು ಹರಾಜು ಹಾಕುವಾಗ ಅವರನ್ನು ನೋಡಬೇಕಿತ್ತು! ದೊಡ್ಡ ಬಾಳೆಗೊನೆ, ಕೇಕುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಾರೋ ಬಡ ಹೆಂಗಸು ಸೆರಗಿನಲ್ಲಿ ಮುಚ್ಚಿ ತಂದ ನಾಲ್ಕು ಮೊಟ್ಟೆಗೋ ಒಂದು ಸಣ್ಣ ಕುಂಬಳಕಾಯಿಗೋ ಕೂಗು ಏರಿಸುತ್ತಾ ಹೋಗುವರು. ಆಕೆಯ ಕಾಣಿಕೆ ಅಗ್ಗಕ್ಕೆ ಹೋಗಬಾರದು, ಅಷ್ಟೆ. ಆಮೇಲೆ ವಾರವಿಡೀ ನಮ್ಮ ಮನೆಯಲ್ಲಿ ಕುಂಬಳಕಾಯಿ ಹುಳಿ.

ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ ಮೇಲಿನ ವರ್ಷಗಳನ್ನು ನಾನು ಮರೆಯಲಾರೆ. ಅವರನ್ನು ನೋಡಿಕೊಳ್ಳಲು ನಾನಿದ್ದೆ, ನಾದಿನಿಯರೂ ಬರುತ್ತಿದ್ದರು. ತಲೆ ಬಾಚುವ ಕೆಲಸವನ್ನು ಮಾತ್ರ ಮಾವ ಯಾರಿಗೂ ಬಿಡಲಿಲ್ಲ. ಬೆಳಗಿನ ಕಾಫಿಯಾದ ಮೇಲೆ ಹಿತ್ತಲ ಬಿಸಿಲಿಗೆ ಕುರ್ಚಿ ಹಾಕಿ, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಲು ಬುಡವನ್ನು ಎಡಗೈಯಲ್ಲಿ ಹಿಡಿದು ತುದಿಯಿಂದ ಬಾಚುವರು, ನೋವಾಗದಂತೆ. ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸಿದ ಬೆರಳುಗಳು. ಜಡೆ ಮೊದಮೊದಲು ಸೊಟ್ಟಗಾಗುತ್ತಿತ್ತು, ಆಮೇಲೆ ನನಗಿಂತ ಚೆನ್ನಾಗಿ ಹೆಣೆದರು. "ಬಿಡಿ, ಸೊಸೆ ಮಾಡುತ್ತಾಳೆ" ಎಂದು ಅತ್ತೆ ತೊದಲಿದರೆ, "ಮದುವೆಯ ದಿನ ಸಭೆಯ ಮುಂದೆ ಮಾತು ಕೊಟ್ಟವನು ನಾನು ಕಣೇ, ಅವಳಲ್ಲ" ಎನ್ನುವರು.

ನನ್ನ ದೃಷ್ಟಿಯಲ್ಲಿ ಇದು ಚರ್ಚಿನಲ್ಲಿ ಕೇಳುವ ಯಾವ ಪ್ರಸಂಗಕ್ಕೂ ಕಡಿಮೆಯದಲ್ಲ. ಗಂಡಸೊಬ್ಬ ತೀರಿಕೊಂಡಾಗ ನಾವು ಅವನ ಹುದ್ದೆಗಳನ್ನು ಓದುತ್ತೇವೆ. ಮನೆಯವರಿಗೆ ಅವನು ಏನಾಗಿದ್ದ ಎಂಬುದನ್ನು ಹೆಂಗಸರು ಅಡುಗೆಮನೆಯಲ್ಲಿ ಮಾತಾಡಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಾತು ವೇದಿಕೆಗೂ ಬರಲಿ.

ಬರುವ ಭಾನುವಾರ ಆರಾಧನೆಯ ನಂತರ ಅವರ ಸ್ಮರಣೆಯ ಕೂಟವಿದೆ. ಸಭಾಪಾಲಕರಾದ ಪಾದ್ರಿಗಳನ್ನು ಕೇಳಿ ಐದು ನಿಮಿಷ ಪಡೆದಿದ್ದೇನೆ. ಕಾರ್ಖಾನೆಯ ಗೆಳೆಯರು, ನೆರೆಹೊರೆಯವರು ದಯವಿಟ್ಟು ಬನ್ನಿ. ಮಾತನಾಡುವವರು ಸಮಿತಿಯ ವಿಷಯವನ್ನು ಬಿಟ್ಟು, ಅವರು ನಿಮ್ಮ ಮನೆಗೆ ಬಂದು ಏನು ಮಾಡಿದರೆಂದು ಹೇಳಿ. ಅತ್ತೆ ಅದನ್ನು ಕೇಳಬೇಕೆಂದಿದ್ದಾರೆ.