100 ದೊಡ್ಡದೋ, 99 ದೊಡ್ಡದೋ?

ಬೂಟ್ ಪಾರ್ಟಿಷನ್, ಅಂದರೆ ಯಂತ್ರ ಶುರುವಾಗಲು ಬೇಕಾದ ಫೈಲ್‌ಗಳಿರುವ ಡಿಸ್ಕಿನ ಭಾಗ, ಭರ್ತಿಯಾಗಿದೆ ಎಂದು ನನ್ನ ಹಳೇ ಲ್ಯಾಪ್‌ಟಾಪಿನ ಉಬುಂಟು (ವಿಂಡೋಸ್‌ನಂಥದೇ ಒಂದು ಆಪರೇಟಿಂಗ್ ಸಿಸ್ಟಮ್) ವಾರದಿಂದ ಗೋಳಿಡುತ್ತಿತ್ತು. ತೆರೆದು ನೋಡಿದರೆ ಎರಡು ಕರ್ನಲ್ (ಸಿಸ್ಟಮ್ಮಿನ ತಿರುಳು), ಅವುಗಳ ಜೊತೆಗಾರರಾಗಿ ಎರಡು ಇನಿಟ್‌ಆರ್‌ಡಿ. ಪಟ್ಟಿಯಲ್ಲಿ ಮೇಲಿರುವುದೇ ಹಳೆಯದು ತಾನೇ ಎಂದುಕೊಂಡು ಆ ಇನಿಟ್‌ಆರ್‌ಡಿಯನ್ನು ಅಳಿಸಿದೆ. ಅದರ ಬಾಲದಲ್ಲಿದ್ದ ಸಂಖ್ಯೆ 100, ಕೆಳಗಿನದರದ್ದು 99. ಸಂಖ್ಯೆ ದೊಡ್ಡದಾದಷ್ಟೂ ಹೊಸದು. ಪಟ್ಟಿ ಜೋಡಿಸುವಾಗ ಕಂಪ್ಯೂಟರ್ ಒಂದೊಂದೇ ಅಕ್ಷರ ಹೋಲಿಸುತ್ತದೆ. ಅದಕ್ಕೆ 1 ಮೊದಲು, 9 ಆಮೇಲೆ. ಅದಕ್ಕೆ ಲೆಕ್ಕ ಬರದಿದ್ದರೂ ನನಗೆ ಬರಬೇಕಿತ್ತು.

ಲ್ಯಾಪ್‌ಟಾಪ್ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ. ಕರ್ನಲ್ ಆಗಲೇ ಮೆಮೊರಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿತ್ತಲ್ಲ, ಡಿಸ್ಕಿನಲ್ಲಿ ಯಾರು ಸತ್ತರೆ ಅದಕ್ಕೇನು! ಮೂರು ದಿನ ನನ್ನ ಜಾಣತನಕ್ಕೆ ನಾನೇ ಬೀಗಿದೆ. ನಾಲ್ಕನೇ ದಿನ ರೀಸ್ಟಾರ್ಟ್ ಮಾಡಿದೆ.

ಲ್ಯಾಪ್‌ಟಾಪ್ ಆನ್ ಆದೊಡನೆ ಮೊದಲು ಏಳುವ ಬಯಾಸ್ ಡಿಸ್ಕಿನ ಮೊದಲ 512 ಬೈಟ್ ಓದಿ ಮೆಮೊರಿಗೆ ಹಾಕಿ, "ಇನ್ನು ನೀನುಂಟು, ನಿನ್ನ ಹಣೆಬರಹ ಉಂಟು" ಎಂದು ಕೈತೊಳೆದುಕೊಂಡಿತು. ಅದರಲ್ಲಿ ಕೋಡ್‌ಗೆ ಸಿಗುವುದು ಬರೀ 446 ಬೈಟ್; ಕನ್ನಡದಲ್ಲಿ ಈ ಪ್ಯಾರಾ ಕೂಡ ಅಷ್ಟರಲ್ಲಿ ಹಿಡಿಸದು. ಆ ಚೂರು ಕೋಡ್, ಕರ್ನಲನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಮಿನ ಉಳಿದ ಭಾಗವನ್ನು ಎಳೆದು ತಂದಿತು, ಗ್ರಬ್ ಕರ್ನಲನ್ನು ತಂದಿತು. ಇನಿಟ್‌ಆರ್‌ಡಿ? "ಫೈಲ್ ಇಲ್ಲ, ಮುಂದುವರಿಯಲು ಯಾವುದಾದರೂ ಕೀ ಒತ್ತಿ." ಒತ್ತಿದೆ. ಪರದೆ ತುಂಬ ಅಕ್ಷರಗಳು ಸುರಿದು, ಕೊನೆಗೆ "ಕರ್ನಲ್ ಪ್ಯಾನಿಕ್". ಕ್ಯಾಪ್ಸ್ ಲಾಕ್ ದೀಪ ಪಕಪಕ ಮಿನುಗತೊಡಗಿತು. ಪ್ಯಾನಿಕ್ ಆಗಿದ್ದು ಕರ್ನಲ್ ಒಂದೇ ಅಲ್ಲ.

ಡಿಸ್ಕ್ ಓದಲು ಕರ್ನಲ್ಲಿಗೆ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಬೇಕು, ಡ್ರೈವರ್ ಇರುವುದೋ ಡಿಸ್ಕಿನಲ್ಲಿ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಈ ಪೇಚಿಗೆಂದೇ ಬೇಕಾದ ಡ್ರೈವರ್‌ಗಳನ್ನು ಗಂಟು ಕಟ್ಟಿ ಕರ್ನಲ್ ಜೊತೆಗೇ ಮೆಮೊರಿಗೆ ಕಳಿಸುತ್ತಾರೆ. ಆ ಗಂಟೇ ಇನಿಟ್‌ಆರ್‌ಡಿ. ನಾನು ಅಳಿಸಿದ್ದು ಅದನ್ನೇ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕಿನೊಳಗೆ ಹೊಕ್ಕು, ಹೊಸ ಗಂಟು ಕಟ್ಟಿಸಿದೆ. ಒಂದೂ ಎರರ್ ಬರಲಿಲ್ಲ. ಮೀಸೆ ತಿರುವುತ್ತ ರೀಸ್ಟಾರ್ಟ್ ಮಾಡಿದರೆ ಮತ್ತದೇ ಪಕಪಕ. ಬೂಟ್ ಪಾರ್ಟಿಷನ್ನನ್ನು ಮೌಂಟ್ ಮಾಡುವುದನ್ನೇ, ಅಂದರೆ ಅದರ ಫೋಲ್ಡರಿಗೆ ಜೋಡಿಸುವುದನ್ನೇ, ಮರೆತಿದ್ದೆ; ಗಂಟು ಹೋಗಿ ಅದೇ ಹೆಸರಿನ ಖಾಲಿ ಫೋಲ್ಡರಿನಲ್ಲಿ ಬಿದ್ದಿತ್ತು.

ಮತ್ತೆ ರೀಸ್ಟಾರ್ಟ್ ಮಾಡಿದೆ, ಗ್ರಬ್ಬಿನ ಮೆನು ಬಂತು. ಅಷ್ಟರಲ್ಲಿ ನೀರು ಕುಡಿಯಲು ಎದ್ದ ತಂಗಿ ಇಣುಕಿದಳು. "ಅಣ್ಣಾ, ಆ ಮೆನುವಿನಲ್ಲಿ ಎರಡನೇ ಸಾಲು ಏನದು?"

ಅಡ್ವಾನ್ಸ್ಡ್ ಆಪ್ಷನ್ಸ್. ಇಷ್ಟು ವರ್ಷ ಕಣ್ಣೆತ್ತಿ ನೋಡದೆ ಎಂಟರ್ ಒತ್ತಿದ್ದೆ. ಒಳಗೆ 99 ತನ್ನ ಗಂಟಿನ ಸಮೇತ ಕಾಯುತ್ತಿತ್ತು. ಅರ್ಧ ನಿಮಿಷದಲ್ಲಿ ಲಾಗಿನ್ ಪರದೆ ಬಂತು.

ನಾನು ಕಟ್ಟಿಸಿದ ಗಂಟು ಇವತ್ತಿಗೂ ಮೌಂಟ್ ಆದ ಪಾರ್ಟಿಷನ್ನಿನ ಅಡಿಯಲ್ಲಿ, ಕಣ್ಣಿಗೆ ಕಾಣದೆ, ಜಾಗ ತಿನ್ನುತ್ತ ಬಿದ್ದಿದೆ. ಅದನ್ನು ಅಳಿಸಬೇಕು. ಕೈ ಬರುತ್ತಿಲ್ಲ.